ಜಗಲಿ ಮೇಲಿನ ಇಬ್ಬರು ಮಕ್ಕಳು: ನಿರ್ಲಕ್ಷ್ಯ ಅಂದ್ರೆ ಏನು, ಅದನ್ನ ಅಳೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಿದ್ದೇವೆ.)

ಶಿವಮೊಗ್ಗದ ಕೋಟೆಯಿಂದ ಮಾತಾಡ್ತಿದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ನನ್ನ ಸ್ಟುಡಿಯೋ ಅಂದ್ರೆ ಮಹಡಿ ಮೇಲಿನ ಒಂದು ರೂಮು, ಅದಕ್ಕೆ ಶೀಟಿನ ಮಾಡು.

ಇವತ್ತಿನ ವಿಷಯ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತೆ. ಅದನ್ನ ಮೊದಲು ಹೇಳಿಬಿಡ್ತೀನಿ.

ಹೋದ ವರ್ಷದ ಮಳೆಗಾಲ. ನಮ್ಮ ಬೀದಿಯ ಒಂದು ಬಾಡಿಗೆ ಮನೆ. ರಾತ್ರಿ ಎಂಟೂವರೆ ಆದ್ರೂ ಬಾಗಿಲಿಗೆ ಬೀಗ. ಜಗಲಿ ಮೇಲೆ ಇಬ್ಬರು ಮಕ್ಕಳು. ಹುಡುಗನಿಗೆ ಏಳೆಂಟು ವರ್ಷ, ತಂಗಿಗೆ ಮೂರು ಇರಬಹುದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿ ಹೇಳ್ತಿದ್ದೀನಿ. ತಂಗಿ ಅಣ್ಣನ ತೊಡೆ ಮೇಲೆ ನಿದ್ದೆ ಹೋಗಿದ್ಲು. ಯಾರೋ ಅದನ್ನ ವಿಡಿಯೋ ಮಾಡಿ ಬೀದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ರು. ಕೆಳಗೆ ಒಂದೇ ಸಾಲು: "ಹೆತ್ತರೆ ಸಾಕಾ?"

ನಾನು ನೋಡ್ದೆ. ಹೊಟ್ಟೆ ಉರೀತು. ಭದ್ರಾವತಿಯ ಕಾಲೇಜು ಗೆಳೆಯರ ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ಆಮೇಲೆ ಊಟ ಮಾಡಿ ಮಲಗಿದೆ.

ನಮ್ಮ ಬೀದಿಯಲ್ಲೇ ಒಬ್ಬರು ನಿವೃತ್ತ ಅಂಗನವಾಡಿ ಟೀಚರ್ ಇದ್ದಾರೆ. ಮಾರನೇ ದಿನ ಹಾಲಿನ ಅಂಗಡಿ ಹತ್ರ ಸಿಕ್ಕಿ ಕೇಳಿದ್ರು: "ವಿಡಿಯೋ ಕಳಿಸೋಕೆ ಟೈಮಿತ್ತು, ಹೋಗಿ ಮಾತಾಡ್ಸೋಕೆ ಇರ್ಲಿಲ್ವಾ ಮಾರಾಯ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರು ಮಾತ್ರ ಹೋಗಿ ಮಾತಾಡ್ಸಿದ್ರು. ಅಲ್ಲಿ ಏನು ಗೊತ್ತಾಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ಅದಕ್ಕೂ ಮೊದಲು ಒಂದು ಪ್ರಶ್ನೆ: ಆ ಮಕ್ಕಳನ್ನ ನಿರ್ಲಕ್ಷ್ಯ ಮಾಡಿದ್ದಾರೆ ಅಂತ ನಾನು ಯಾವ ಆಧಾರದ ಮೇಲೆ ತೀರ್ಮಾನ ಮಾಡಿದೆ? ನಿಜವಾಗಿ ಅದನ್ನ ತೀರ್ಮಾನ ಮಾಡೋದು ಹೇಗೆ?

ಒಂದು ದಿನದ ಫೋಟೋ, ಒಂದು ವರ್ಷದ ಲೆಕ್ಕ

ಹೊಡೆತ ಬಿದ್ರೆ ಗುರುತು ಉಳಿಯುತ್ತೆ. ನಿರ್ಲಕ್ಷ್ಯ ಹಾಗಲ್ಲ. ಅದು ನಡೆದ ಘಟನೆ ಅಲ್ಲ, ನಡೆಯಬೇಕಾಗಿದ್ದು ನಡೆಯದೇ ಇರೋದು. ಸಿಗಬೇಕಾದ ಊಟ ಸಿಗಲಿಲ್ಲ, ಜ್ವರ ಬಂದಾಗ ಯಾರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಿಲ್ಲ, ಅತ್ತಾಗ ಯಾರೂ ಎತ್ಕೊಳ್ಳಲಿಲ್ಲ. ಇಲ್ಲದೇ ಇರೋದನ್ನ ಫೋಟೋ ತೆಗೆಯೋಕೆ ಆಗಲ್ಲ.

ಬಿ.ಕಾಂ. ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಬ್ಯಾಲೆನ್ಸ್ ಶೀಟ್ ಅಂದ್ರೆ ಒಂದು ದಿನದ ಚಿತ್ರ. ಮಾರ್ಚ್ 31ಕ್ಕೆ ಕೈಯಲ್ಲಿ ಏನಿತ್ತು, ಅಷ್ಟೇ. ಲಾಭ ನಷ್ಟದ ಲೆಕ್ಕ ವರ್ಷವಿಡೀ ನಡೆದಿದ್ದನ್ನ ಹೇಳುತ್ತೆ. ಆ ವಿಡಿಯೋ ಬ್ಯಾಲೆನ್ಸ್ ಶೀಟೂ ಅಲ್ಲ, ಅದರ ಒಂದು ಸಾಲು. ನಿರ್ಲಕ್ಷ್ಯ ಗೊತ್ತಾಗೋದು ವರ್ಷದ ಲೆಕ್ಕದಲ್ಲಿ. ಒಂದು ದಿನ ತಲೆ ಬಾಚದೇ ಶಾಲೆಗೆ ಬಂದ ಮಗುವಿನ ಬಗ್ಗೆ ಹೇಳೋಕೆ ಏನೂ ಇಲ್ಲ. ತಿಂಗಳುಗಟ್ಟಲೆ ಅದೇ ಕೊಳೆ ಬಟ್ಟೆ, ಅದೇ ವಾಸಿಯಾಗದ ಕಜ್ಜಿ, ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆಯೇ ಹಸಿವಿನಿಂದ ತೂಕಡಿಸೋ ಮಗು ಕಂಡರೆ ಯಾರಾದ್ರೂ ಕೇಳಲೇಬೇಕು.

ಕಾನೂನು ಹಿಡಿದಿರೋ ಒಂದು ಪದ

ನಮ್ಮಲ್ಲಿ ಇದಕ್ಕಿರೋ ಮುಖ್ಯ ಕಾನೂನು 2015ರ ಬಾಲನ್ಯಾಯ ಕಾಯ್ದೆ. ಪೂರ್ತಿ ಹೆಸರು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ. ಜಾರಿಗೆ ಬಂದಿದ್ದು 2016ರ ಜನವರಿ 15ರಂದು. "ಪಾಲನೆ ಮತ್ತು ರಕ್ಷಣೆಯ ಅಗತ್ಯ ಇರುವ ಮಗು" ಯಾರು ಅನ್ನೋದಕ್ಕೆ ಅದರಲ್ಲಿ ಒಂದು ಪಟ್ಟಿ ಇದೆ. ಬೀದಿಯಲ್ಲಿ ಬದುಕೋ ಮಗು, ಭಿಕ್ಷೆ ಬೇಡೋ ಮಗು, ಕಾನೂನು ಮೀರಿ ದುಡಿಸಿಕೊಳ್ತಿರೋ ಮಗು, ತನ್ನನ್ನ ಹಿಂಸಿಸಿದ ಅಥವಾ ನಿರ್ಲಕ್ಷಿಸಿದ ವ್ಯಕ್ತಿಯ ಜೊತೆಗೇ ಇರೋ ಮಗು, ಹೀಗೆ. ಗಮನಿಸಿ, ಇಲ್ಲಿ ಪ್ರಶ್ನೆ ಮಗುವಿಗೆ ಏನು ಬೇಕು ಅನ್ನೋದು. ತಪ್ಪು ಯಾರದು ಅನ್ನೋದು ಇನ್ನೊಂದು ಕಡೆ ಬರುತ್ತೆ.

ಅದು 75ನೇ ಸೆಕ್ಷನ್. ಮಗುವಿನ ಜವಾಬ್ದಾರಿ ಹೊತ್ತವರು ಅನಗತ್ಯ ನೋವು ಆಗೋ ರೀತಿ ಹೊಡೆದ್ರೆ, ತೊರೆದ್ರೆ, ಅಥವಾ ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸಿದ್ರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. "ಉದ್ದೇಶಪೂರ್ವಕ" ಅನ್ನೋ ಪದ ಬಹಳ ಮುಖ್ಯ. ಹೆತ್ತವರು ತಮ್ಮ ಕೈ ಮೀರಿದ ಪರಿಸ್ಥಿತಿಯಲ್ಲಿ ಮಗುವನ್ನ ತೊರೆದಿದ್ರೆ ಅದನ್ನ ಉದ್ದೇಶಪೂರ್ವಕ ಅಂತ ಭಾವಿಸಬಾರದು ಅಂತ ಅದೇ ಸೆಕ್ಷನ್ ಹೇಳುತ್ತೆ.

ಸರಳವಾಗಿ ಹೇಳೋದಾದ್ರೆ, "ಮಾಡೋಕೆ ಆಗ್ತಿಲ್ಲ" ಅನ್ನೋದಕ್ಕೂ "ಮಾಡೋ ಮನಸ್ಸಿಲ್ಲ" ಅನ್ನೋದಕ್ಕೂ ಕಾನೂನು ವ್ಯತ್ಯಾಸ ಮಾಡುತ್ತೆ. ನಾವು ವಾಟ್ಸ್‌ಆ್ಯಪ್‌ನಲ್ಲಿ ಮಾಡಲ್ಲ.

ನಮ್ಮ ಕಡೆ ಈ ವ್ಯತ್ಯಾಸ ಎಷ್ಟು ಮುಖ್ಯ ಅಂತ ಭದ್ರಾವತಿಯವರನ್ನ ಕೇಳಿ. ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದ್ವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದನ್ನ ನಾವೆಲ್ಲ ನೋಡಿದ್ದೀವಿ. ಊರಲ್ಲಿ ಕೆಲಸ ನಿಂತ ಮೇಲೆ ಅಪ್ಪ ಬೆಂಗಳೂರಿಗೆ ಹೋಗ್ತಾನೆ, ಅಮ್ಮ ಎರಡು ಕಡೆ ದುಡೀತಾಳೆ, ಮನೆಯಲ್ಲಿ ಮಕ್ಕಳಷ್ಟೇ ಉಳೀತಾರೆ. ಇಂಥ ಮನೆಗಳಿಗೆಲ್ಲ ನಿರ್ಲಕ್ಷ್ಯ ಅಂತ ಮೊಹರು ಒತ್ತಿದ್ರೆ, ಕೆಲಸ ಕಳ್ಕೊಂಡಿದ್ದಕ್ಕೇ ಶಿಕ್ಷೆ ಕೊಟ್ಟ ಹಾಗೆ.

ಲೂಟನ್‌ನಿಂದ ಬಂದ ಅಳತೆಗೋಲು

ಹಾಗಾದ್ರೆ ಬಡತನವನ್ನ ಪಕ್ಕಕ್ಕಿಟ್ಟು ಪಾಲನೆಯನ್ನ ಮಾತ್ರ ಅಳೆಯೋದು ಹೇಗೆ? 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದನ್ನೇ ಯೋಚಿಸಿದ ಇಬ್ಬರು ಮಕ್ಕಳ ತಜ್ಞರಿದ್ರು: ಓ.ಪಿ. ಶ್ರೀವಾಸ್ತವ ಮತ್ತು ಲಿಯಾನ್ ಪೋಲ್ನೆ. ಲೂಟನ್ ಊರಲ್ಲಿ ಬೆಳೆದ ಇವರ ವಿಧಾನದ ಹೆಸರು ಗ್ರೇಡೆಡ್ ಕೇರ್ ಪ್ರೊಫೈಲ್. 1997ರಲ್ಲಿ ಇದರ ಕ್ಷೇತ್ರ ಪರೀಕ್ಷೆಯ ಫಲಿತಾಂಶ ಪ್ರಕಟ ಆಯ್ತು. ಇದರ ಪರಿಷ್ಕೃತ ರೂಪ ಅಲ್ಲಿ ಈಗಲೂ ಬಳಕೆಯಲ್ಲಿದೆ.

ಇದರಲ್ಲಿ ನೋಡೋದು ನಾಲ್ಕು ವಿಷಯ. ಒಂದು, ದೇಹದ ಆರೈಕೆ: ಊಟ, ಇರೋ ಜಾಗ, ಬಟ್ಟೆ, ಶುಚಿ, ಆರೋಗ್ಯ. ಎರಡು, ಸುರಕ್ಷತೆ: ದೊಡ್ಡವರು ಎದುರಿಗಿದ್ದಾಗ ಹೇಗೆ, ಇಲ್ಲದಾಗ ಹೇಗೆ. ಮೂರು, ಪ್ರೀತಿ: ಮಗು ಕರೆದ್ರೆ ತಿರುಗಿ ನೋಡ್ತಾರಾ, ಅದರ ಅಳು, ನಗು ಅವರಿಗೆ ತಟ್ಟುತ್ತಾ. ನಾಲ್ಕು, ಮಗುವಿನ ಬೆಳವಣಿಗೆ ಮತ್ತು ಮರ್ಯಾದೆ: ಮಾತಾಡಿಸ್ತಾರಾ, ಆಟ ಆಡಿಸ್ತಾರಾ, ಚೆನ್ನಾಗಿ ಮಾಡಿದಾಗ ಮೆಚ್ಚಿಕೊಳ್ತಾರಾ, ತಪ್ಪು ಮಾಡಿದಾಗ ಹೇಗೆ ತಿದ್ದುತ್ತಾರೆ.

ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಗ್ರೇಡ್. 1 ಅಂದ್ರೆ ಎಲ್ಲಕ್ಕಿಂತ ಮೊದಲು ಮಗು. 3 ಅಂದ್ರೆ ಮಗುವಿನ ಅಗತ್ಯ, ದೊಡ್ಡವರ ಅಗತ್ಯ ಎರಡೂ ಸಮ ಸಮ. 5 ಅಂದ್ರೆ ಮಗು ಲೆಕ್ಕಕ್ಕೇ ಇಲ್ಲ.

ನನಗೆ ಇದರಲ್ಲಿ ಇಷ್ಟ ಆಗಿದ್ದು ಒಂದೇ ವಿಷಯ. ಕೊನೆಗೆ ಎಲ್ಲ ಕೂಡಿಸಿ "ಈ ತಾಯಿಗೆ ನೂರಕ್ಕೆ ಇಷ್ಟು" ಅಂತ ಅಂಕ ಕೊಡೋದು ಇದರ ಉದ್ದೇಶ ಅಲ್ಲ. ಯಾವ ಖಾನೆಯಲ್ಲಿ ಗಟ್ಟಿ, ಯಾವ ಖಾನೆಯಲ್ಲಿ ಕೊರತೆ, ಎರಡೂ ಪಕ್ಕ ಪಕ್ಕ ಕಾಣುತ್ತೆ. ಕೊರತೆ ಎಲ್ಲಿದೆ ಅಂತ ಗೊತ್ತಾದ್ರೆ ಸಹಾಯ ಅಲ್ಲಿಗೇ ಕಳಿಸಬಹುದು.

ಎರಡು ಮನೆ, ಎರಡು ಲೆಕ್ಕ

ಈಗ ನಮ್ಮ ಬೀದಿಯ ಆ ಜಗಲಿಗೆ ವಾಪಸ್ ಬರೋಣ. ಟೀಚರ್ ಹೋಗಿ ಮಾತಾಡ್ಸಿದಾಗ ಗೊತ್ತಾಗಿದ್ದಿಷ್ಟು. ತಾಯಿ ಒಂದು ಮೆಸ್‌ನಲ್ಲಿ ಅಡುಗೆ ಕೆಲಸ ಮಾಡ್ತಾರೆ. ಗಂಡ ಜೊತೆಗಿಲ್ಲ. ರಾತ್ರಿ ಊಟದ ಪಾಳಿ ಮುಗಿಸಿ ಬರೋದು ಒಂಬತ್ತಕ್ಕೆ. ಮಕ್ಕಳಿಗೆ ಸಂಜೆಗೆ ಅಂತ ಡಬ್ಬಿಯಲ್ಲಿ ಚಿತ್ರಾನ್ನ ಕಲಸಿಟ್ಟು ಹೋಗಿರ್ತಾರೆ. ಹುಡುಗ ಮೊದಲು ತಂಗಿಗೆ ತಿನ್ನಿಸಿ ಆಮೇಲೆ ತಾನು ತಿಂತಾನೆ. ಅಮ್ಮನ ಫೋನ್ ನಂಬರ್ ಅವನಿಗೆ ಬಾಯಿಪಾಠ. ಹುಡುಗಿಯ ಅಂಗನವಾಡಿ ತೂಕ ಸರಿಯಾಗಿತ್ತು, ಲಸಿಕೆ ಎಲ್ಲ ಹಾಕ್ಸಿತ್ತು, ತಾಯಿ ಕಾರ್ಡ್ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿತ್ತು.

ಮತ್ತೆ ಆ ಬೀಗ? ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಇನ್ನೂ ನಿದ್ದೆ ಕೆಡಿಸುತ್ತೆ. "ಒಳಗೆ ಗ್ಯಾಸ್ ಇದೆ ಟೀಚರ್, ಮಕ್ಕಳು ಏನಾದ್ರೂ ಹಚ್ಚಿಬಿಟ್ರೆ ಅಂತ ಭಯ. ಜಗಲಿ ಮೇಲಿದ್ರೆ ನಾಲ್ಕು ಜನ ನೋಡ್ತಿರ್ತಾರಲ್ಲ."

ನಾಲ್ಕು ಜನ ನೋಡ್ತಿರ್ತಾರೆ ಅಂತ ನಮ್ಮನ್ನ ನಂಬಿ ಬಿಟ್ಟು ಹೋಗಿದ್ರು. ನಾವು ನೋಡಿದ್ವಿ ನಿಜ. ಫೋನಿನಲ್ಲಿ.

ಹಾಗಂತ ಇಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳ್ತಿಲ್ಲ. ಏಳೆಂಟು ವರ್ಷದ ಹುಡುಗ ಮೂರು ವರ್ಷದ ಮಗುವಿನ ಜವಾಬ್ದಾರಿ ಹೊರೋದು, ಅದೂ ರಸ್ತೆ ಪಕ್ಕ, ಮಳೆಯಲ್ಲಿ, ರಾತ್ರಿ ಹೊತ್ತು. ಅದು ಅಪಾಯವೇ. ಮಗುವನ್ನ ಇಷ್ಟು ವಯಸ್ಸಿನವರೆಗೆ ಒಂಟಿಯಾಗಿ ಬಿಡಬಾರದು ಅಂತ ನಮ್ಮ ಕಾನೂನು ಒಂದು ಅಂಕಿ ಬರೆದಿಲ್ಲ. ಆದ್ರೆ ಅಂಕಿ ಇಲ್ಲದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಲೂಟನ್ ಅಳತೆಗೋಲು ಹಿಡಿದ್ರೆ ಊಟಕ್ಕೆ, ಆರೋಗ್ಯಕ್ಕೆ, ಪ್ರೀತಿಗೆ ಒಳ್ಳೇ ಗ್ರೇಡ್. "ದೊಡ್ಡವರು ಇಲ್ಲದಾಗ ಸುರಕ್ಷತೆ" ಅನ್ನೋ ಒಂದು ಖಾನೆಯಲ್ಲಿ ದೊಡ್ಡ ಕೊರತೆ. ಕೊರತೆಯ ಹೆಸರು "ಕೆಟ್ಟ ತಾಯಿ" ಅಲ್ಲ. "ಸಂಜೆ ಆರರಿಂದ ಒಂಬತ್ತು."

ಇನ್ನೊಂದು ಮನೆ ಭದ್ರಾವತಿಯದ್ದು. ಮನೆಗೆ ಹೋಗಿ ಟ್ಯೂಷನ್ ಹೇಳಿಕೊಡೋ ಗೆಳತಿಯೊಬ್ಬಳು ಹೇಳಿದ್ದು. ಸ್ವಂತ ಮನೆ, ಕಾರು. ಐದು ವರ್ಷದ ಹುಡುಗಿಗೆ ದಿನಕ್ಕೊಂದು ಬಟ್ಟೆ, ಕೈಯಲ್ಲಿ ಟ್ಯಾಬ್. ಆದ್ರೆ ಹಲ್ಲುನೋವು ಅಂತ ತಿಂಗಳುಗಟ್ಟಲೆ ಅಳ್ತಿದ್ರೂ ಡಾಕ್ಟರ್ ಹತ್ರ ಯಾರೂ ಕರ್ಕೊಂಡು ಹೋಗಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಬಿದ್ದಾಗ ಆ ಮಗು ಅಪ್ಪ ಅಮ್ಮನ ಕಡೆ ತಿರುಗಲೂ ಇಲ್ಲವಂತೆ, ತಾನೇ ಎದ್ದು ಮೊಣಕಾಲು ಒರೆಸ್ಕೊಂಡು ಬಂದು ಕೂತ್ಕೊಂಡ್ಲಂತೆ. ಇಬ್ಬರೂ ಅದೇ ಹಾಲ್‌ನಲ್ಲಿ ಕೂತಿದ್ರು. ಕರೆದ್ರೂ ಯಾರೂ ಬರಲ್ಲ ಅಂತ ಕಲಿತುಬಿಟ್ಟ ಮಗು ಕರೆಯೋದನ್ನೇ ಬಿಡುತ್ತೆ. ಬಟ್ಟೆಗೆ 1, ಪ್ರೀತಿಗೆ 4. ಈ ಮನೆಯ ವಿಡಿಯೋ ಯಾವ ಗ್ರೂಪಿಗೂ ಬರಲ್ಲ.

ಪ್ರೀತಿಯನ್ನ ಅಳೆಯೋದೆಲ್ಲ ಅತಿಯಾಯ್ತು ಅನ್ನಿಸಬಹುದು. 2000ದಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನೋ ಸಂಶೋಧಕರು ಅನಾಥಾಲಯದ 136 ಮಕ್ಕಳ ಅಧ್ಯಯನ ಶುರುಮಾಡಿದ್ರು. ಅಲ್ಲಿನ ಮಕ್ಕಳಿಗೆ ಊಟ, ಬಟ್ಟೆ, ಸೂರು ಇತ್ತು. ತಮ್ಮದೇ ಅನ್ನೋ ಒಬ್ಬ ಮನುಷ್ಯ ಇರ್ಲಿಲ್ಲ. ಅರ್ಧದಷ್ಟು ಮಕ್ಕಳನ್ನ ಸಾಕು ಮನೆಗಳಿಗೆ ಕಳಿಸಿದ್ರು. ಮನೆಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಉಳಿದವರಿಗಿಂತ ಚೆನ್ನಾಗಿತ್ತು. ಎರಡು ವರ್ಷ ತುಂಬೋಕೆ ಮುಂಚೆ ಹೋದವರಿಗಂತೂ ಇನ್ನೂ ಹೆಚ್ಚು. ಮಗುವಿನ ಮಿದುಳಿಗೆ ಮಾತು, ಮುಖ, ಮಡಿಲು ಕೂಡ ಆಹಾರವೇ.

ಒಂದೇ ಮನೆಯಲ್ಲಿ ಎರಡು ಥರ

ಇನ್ನೊಂದು ರೀತಿಯ ನಿರ್ಲಕ್ಷ್ಯ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ, ಯಾಕಂದ್ರೆ ಅದನ್ನ ನಾವು ಪದ್ಧತಿ ಅಂತೀವಿ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನ ಮಾತಾಡಿಸಿದ ಅಧ್ಯಯನ ಪ್ರಕಟಿಸ್ತು. ಕರ್ನಾಟಕ ಆ ಪಟ್ಟಿಯಲ್ಲಿ ಇರ್ಲಿಲ್ಲ, ಆದ್ರೆ ಅಕ್ಕಪಕ್ಕದ ಆಂಧ್ರ, ಕೇರಳ, ಗೋವಾ, ಮಹಾರಾಷ್ಟ್ರ ಇದ್ವು. ಹೆಣ್ಣುಮಕ್ಕಳಿಗೆ ಅಲ್ಲಿ ಕೇಳಿದ್ದು ಅಣ್ಣತಮ್ಮಂದಿರಿಗೆ ಹೋಲಿಸಿದ್ರೆ ನಿಮಗೆ ಊಟ, ಗಮನ ಎಲ್ಲ ಹೇಗೆ ಸಿಗುತ್ತೆ ಅಂತ. ಶೇ 70.57ರಷ್ಟು ಹುಡುಗಿಯರು ಮನೆಯಲ್ಲಿ ಒಂದಲ್ಲ ಒಂದು ರೀತಿ ನಿರ್ಲಕ್ಷ್ಯ ಆಗಿದೆ ಅಂದ್ರು. ಶೇ 48.4ರಷ್ಟು ಜನ ತಾವು ಹುಡುಗ ಆಗಿದ್ರೆ ಚೆನ್ನಾಗಿತ್ತು ಅಂದ್ರು.

ಇಲ್ಲಿ ಬಡತನದ ನೆಪ ನಡೆಯಲ್ಲ. ಒಂದೇ ಅಡುಗೆಮನೆ, ಒಂದೇ ಪಾತ್ರೆ. ಮೊಟ್ಟೆ ಯಾರ ತಟ್ಟೆಗೆ ಬಿತ್ತು ಅನ್ನೋದಷ್ಟೇ ಪ್ರಶ್ನೆ.

1098ಕ್ಕೆ ಫೋನ್ ಮಾಡಿದ್ರೆ ಏನಾಗುತ್ತೆ?

ಬಹಳ ಜನ ಫೋನ್ ಮಾಡದೇ ಇರೋದು ಒಂದು ಭಯಕ್ಕೆ: "ಮಗುವನ್ನ ಎತ್ಕೊಂಡು ಹೋಗಿ ಬಾಲಮಂದಿರಕ್ಕೆ ಹಾಕಿಬಿಡ್ತಾರೆ, ಆ ಪಾಪ ನಮಗ್ಯಾಕೆ?" ಈ ಭಯಕ್ಕೆ ಸಿನಿಮಾ ಕೂಡ ಕಾರಣ. 'ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ' ನೋಡಿರ್ತೀರಿ. 2011ರಲ್ಲಿ ಅಲ್ಲಿನ ಭಾರತೀಯ ಕುಟುಂಬವೊಂದರ ಇಬ್ಬರು ಮಕ್ಕಳನ್ನ ವಶಕ್ಕೆ ತಗೊಂಡ ಪ್ರಕರಣ. ಕೈತುತ್ತು ಕೊಟ್ಟಿದ್ದನ್ನೂ ತಪ್ಪಾಗಿ ಕಂಡ್ರು ಅಂತ ಕುಟುಂಬ ಹೇಳಿತ್ತು, ಸಂಸ್ಕೃತಿಯ ವ್ಯತ್ಯಾಸ ಕಾರಣ ಅಲ್ಲ ಅಂತ ಅಲ್ಲಿನ ಅಧಿಕಾರಿಗಳು ಹೇಳಿದ್ರು.

ನಮ್ಮ ಕಾಯ್ದೆಯ ದಾರಿ ಬೇರೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಉಚಿತವಾಗಿ ಕರೆ ಮಾಡಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸಹಾಯವಾಣಿ 2023ರಿಂದ ಸರ್ಕಾರದ ಕೈಗೆ ಬಂದಿದೆ, ತುರ್ತು ಸಂಖ್ಯೆ 112ರ ಜೊತೆ ಜೋಡಣೆ ಆಗಿದೆ. ವಿಷಯ ಗಂಭೀರ ಅಂತ ಕಂಡ್ರೆ ಅದು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗುತ್ತೆ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು, ಅವರಲ್ಲಿ ಒಬ್ಬರಾದ್ರೂ ಮಹಿಳೆ. ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು.

ಸಮಿತಿ ವಿಚಾರಣೆಗೆ ತಗೊಂಡ್ರೆ ಸಮಾಜ ಕಾರ್ಯಕರ್ತರು ಅಥವಾ ಅಧಿಕಾರಿ 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯವರು, ಆದಾಯ, ಆರೋಗ್ಯ, ಮನೆಯೊಳಗಿನ ಸಂಬಂಧ, ಶಾಲೆ, ಗೆಳೆಯರು, ಎಲ್ಲ ಅದರಲ್ಲಿ ಬರಬೇಕು. ಅಂದ್ರೆ ಆ ವರ್ಷವಿಡೀ ಲೆಕ್ಕ. ಮಗುವಿನ ಮಾತನ್ನೂ ಕೇಳಬೇಕು. ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ತೀರ್ಮಾನ. ಮಗುವನ್ನ ಪಾಲನಾ ಸಂಸ್ಥೆಗೆ ಕಳಿಸೋದು ಕೊಟ್ಟ ಕೊನೆಯ ದಾರಿ ಆಗಿರಬೇಕು ಅಂತ ಕಾಯ್ದೆಯ ಮೂಲ ತತ್ವಗಳಲ್ಲೇ ಬರೆದಿದೆ. ಮಗುವಿನ ಮೊದಲ ಜವಾಬ್ದಾರಿ ಕುಟುಂಬದ್ದು ಅಂತಲೂ ಬರೆದಿದೆ.

ಕೊರತೆ ದುಡ್ಡಿನದ್ದೇ ಆಗಿದ್ರೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. ಗಂಡನನ್ನ ಕಳ್ಕೊಂಡ ಅಥವಾ ಗಂಡ ಬಿಟ್ಟು ಹೋದ ತಾಯಿಯ ಮಕ್ಕಳು, ಅಪ್ಪ ಅಮ್ಮ ಇಲ್ಲದೆ ನೆಂಟರ ಮನೆಯಲ್ಲಿರೋ ಮಕ್ಕಳು, ಇಂಥವರಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಇದಕ್ಕೆ ವಿಚಾರಿಸಬೇಕಾಗಿದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಹಾಗಾಗಿ 1098ಕ್ಕೆ ಕರೆ ಮಾಡೋದನ್ನ ಅಪ್ಪ ಅಮ್ಮನ ಮೇಲೆ ಚಾಡಿ ಅಂದ್ಕೋಬೇಡಿ. "ಇಲ್ಲಿ ಏನೋ ಕೊರತೆ ಕಾಣ್ತಿದೆ, ಗೊತ್ತಿರೋರು ಬಂದು ನೋಡಿ" ಅನ್ನೋ ಮಾತು ಅದು. ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ. ಆದ್ರೆ ಹೊಡೆತದ ಗುರುತು, ಲೈಂಗಿಕ ದೌರ್ಜನ್ಯದ ಅನುಮಾನ, ಪ್ರಾಣಕ್ಕೆ ಅಪಾಯ ಕಂಡ್ರೆ ಹೋಗಿ ಮಾತಾಡಿಸ್ತಾ ಕೂರಬೇಡಿ, ತಕ್ಷಣ 1098 ಅಥವಾ 112.

ವಿಡಿಯೋ ಬಗ್ಗೆ ಒಂದು ಮಾತು

ನನ್ನ ತಪ್ಪಿಗೆ ಕಾನೂನಿನಲ್ಲಿ ಒಂದು ಸಂಖ್ಯೆಯೇ ಇದೆ ಅಂತ ಆಮೇಲೆ ಗೊತ್ತಾಯ್ತು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ಫೋಟೋ, ವಿಳಾಸ, ಶಾಲೆ, ಗುರುತು ಸಿಗೋ ಯಾವ ವಿವರವನ್ನೂ ಮಾಧ್ಯಮದಲ್ಲಿ ಪ್ರಕಟಿಸೋ ಹಾಗಿಲ್ಲ. 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಗ್ರೂಪಿನ ಫಾರ್ವರ್ಡ್ ಅದರಡಿ ಬರುತ್ತಾ ಅಂತ ವಾದ ಮಾಡೋದು ಬೇಡ. ಆ ಹುಡುಗನಿಗೆ ಅದರಿಂದ ಆಗೋದು ಒಂದೇ.

ನಾನು ಆ ವಿಡಿಯೋ ಡಿಲೀಟ್ ಮಾಡ್ದೆ, ಗ್ರೂಪಿನಲ್ಲೂ ತೆಗೀರಿ ಅಂತ ಕೇಳ್ಕೊಂಡೆ. ಮೂರು ವಾರ ಆದ್ಮೇಲೆ ಅದೇ ವಿಡಿಯೋ ದಾವಣಗೆರೆಯ ನೆಂಟರೊಬ್ಬರಿಂದ ನನಗೇ ವಾಪಸ್ ಬಂತು. ಇವತ್ತಿಗೂ ಯಾರ ಫೋನಿನಲ್ಲಿದೆಯೋ ಗೊತ್ತಿಲ್ಲ.

ಆರರಿಂದ ಒಂಬತ್ತು

ಕೊನೆಗೆ ಆ ಮನೆಗೆ ಏನಾಯ್ತು? ಹಗಲು ಹೊತ್ತಿಗೆ ಶಾಲೆ ಇದೆ, ಅಂಗನವಾಡಿ ಇದೆ. ಸಂಜೆಗೆ ಏನೂ ಇಲ್ಲ. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸ್ತು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಪುಟ್ಟ ಮಕ್ಕಳಿಗಾಗಿ. ಅದು ಹಳ್ಳಿಗೆ, ಅದೂ ಹಗಲಿಗೆ. ಕೋಟೆಯ ಬೀದಿಯಲ್ಲಿ ರಾತ್ರಿ ಪಾಳಿ ಮಾಡೋ ಅಡುಗೆಯವರಿಗೆ ಅದು ಸಿಗಲ್ಲ.

ಸದ್ಯಕ್ಕೆ ಆಗಿರೋ ಏರ್ಪಾಡು ಇಷ್ಟೇ. ಸಂಜೆ ಆದ್ಮೇಲೆ ಇಬ್ಬರು ಮಕ್ಕಳೂ ಟೀಚರ್ ಮನೆಯಲ್ಲಿ ಇರ್ತಾರೆ. ಟೀಚರ್ ಊರಿಗೆ ಹೋದ ದಿನ ನಮ್ಮ ಮನೆಯಲ್ಲಿ. ಪ್ರಾಯೋಜಕತ್ವದ ಅರ್ಜಿ ಹಾಕಿದ್ದಾರೆ, ಇನ್ನೂ ಉತ್ತರ ಬಂದಿಲ್ಲ. ಹುಡುಗ ನನ್ನ ಮೈಕ್ ನೋಡಿ, "ಇದರಲ್ಲಿ ವಿಡಿಯೋ ಬರುತ್ತಾ?" ಅಂತ ಕೇಳಿದ. ಇಲ್ಲ, ಬರೀ ಮಾತು ಅಂದೆ. ಹಾಗಾದ್ರೆ ಸರಿ ಅಂತ ಹತ್ತಿರ ಬಂದು ಕೂತ.

ಅವನಿಗೆ ಆ ವಿಡಿಯೋ ಬಗ್ಗೆ ಗೊತ್ತಿದೆಯಾ ಅಂತ ಕೇಳೋ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಿಮ್ಮ ಬೀದಿಯಲ್ಲೂ ಇಂಥ ಒಂದು ಜಗಲಿ ಇರಬಹುದು. ಕಂಡಾಗ "ಎಂಥ ತಾಯಿ" ಅಂತ ಕೇಳೋ ಬದಲು "ಈ ಮಗುವಿಗೆ ಏನು ಸಿಗ್ತಿಲ್ಲ, ಎಷ್ಟು ದಿನದಿಂದ, ಯಾಕೆ?" ಅಂತ ಕೇಳಿ ನೋಡಿ. ಹೋಗಿ ಮಾತಾಡಿಸಬಹುದು ಅನ್ನಿಸಿದ್ರೆ ಮಾತಾಡಿಸಿ. ಆಗಲ್ಲ ಅನ್ನಿಸಿದ್ರೆ 1098. ಮುಂದಿನ ವಾರ ಸಿಗೋಣ.